ಬೆಂಚಿನ ಮೇಲೆ ಇಬ್ಬರು

ಸತ್ತವನ ಪಾಲಿನ ಜಿನ್ ಮದ್ಯ ನೆಲಕ್ಕೆ ಬೀಳುವ ಸದ್ದು, ಗುಳುಗುಳು, ಮುದುಕನೊಬ್ಬ ಸತ್ತವನ ಹೆಸರು ಹಿಡಿದು ಕರೆಯುತ್ತ ಸುರಿಯುತ್ತಲೇ ಇದ್ದಾನೆ, ಸುರಿ ಮಾರಾಯ, ಬೇಗ ಸುರಿದು ಮುಗಿಸು — ಅಡೊಮಾಕೊ ತೊಡೆ ಬಿಗಿದ, ಇದು ಉಚ್ಚೆಯ ಸುಳ್ಳು ಕರೆ, ಬೆಳಗಿನಿಂದ ನಾಲ್ಕು ಸಲ ಎದ್ದು ಹೋದರೂ ಬಿದ್ದದ್ದು ನಾಲ್ಕೇ ಹನಿ, ಐದನೆಯ ಸಲ ಎದ್ದರೆ ಎದುರಿನ ಶಾಮಿಯಾನದಲ್ಲಿ ಕೂತ ಚಿಕ್ಕಮ್ಮನ ಮಗ ಬಾದು ಬಿಡುತ್ತಾನೆಯೇ, ಆಗಲೇ ಎಲ್ಲರಿಗೂ ಕೇಳುವಂತೆ ಅಂದಿದ್ದ, ಏನಣ್ಣ, ದೊಡ್ಡಣ್ಣ ಸತ್ತ ದುಃಖಕ್ಕೆ ಕಣ್ಣೀರು ಕೆಳಗಿಂದ ಬರ್ತಿದ್ಯಾ, ಕುಮಾಸಿಯಿಂದ ಬಂದ ನೆಂಟರೂ ನಕ್ಕರು — ಊಟವಾದ ಮೇಲೆ ಸತ್ತವನ ಜಾಗಕ್ಕೆ ಮನೆತನದ ಯಜಮಾನನನ್ನು ಆರಿಸುತ್ತಾರೆ, ತಾನು ಇಲ್ಲವೇ ಬಾದು, ಒಂದು ಗಂಟೆ ಕೂರಲಾರದವನು ಮನೆತನ ನಡೆಸುತ್ತಾನೆಯೇ ಎನ್ನುತ್ತಾರೆ. ಆಸ್ಪತ್ರೆಯ ಆ ಡಾಕ್ಟರ್ ಹುಡುಗಿ ಎಷ್ಟು ತಣ್ಣಗೆ ಹೇಳಿದಳು, ಮೂತ್ರದ ಚೀಲ ತುಂಬ್ತು ಅಂತ ಮಿದುಳಿಗೆ ಸುದ್ದಿ ಮುಟ್ಟಿಸೋ ನರದ ತುದಿಗಳಿಗೂ ವಯಸ್ಸಾಗತ್ತೆ ತಾತ, ಕೆಲವು ಖಾಲಿ ಇದ್ರೂ ಕೂಗ್ತವೆ, ಕೆಲವು ತುಂಬಿದ್ರೂ ಸುಮ್ನಿರ್ತವೆ — ಎಪ್ಪತ್ತಾರು ವರ್ಷ ನನ್ನೊಳಗೇ ಉಂಡು ಬೆಳೆದವು, ಈಗ ಬಾದುವಿನ ಕಡೆ ಸೇರಿಕೊಂಡವೇ — ಅಬ್ಬಾ, ಕರೆ ನಿಂತಿತು, ಹೊಟ್ಟೆಯ ಕೆಳಗೆ ಎಲ್ಲ ಶಾಂತ, ಅವನು ಉಸಿರು ಬಿಟ್ಟ, ತೊಡೆ ಸಡಿಲಿಸಿದ, ಆಗ ಅಂಗಾಲಿನಲ್ಲಿ ಬೆಚ್ಚಗಾಯಿತು.

ಬೆಚ್ಚಗೆ, ಯಾವ ಸುದ್ದಿಯೂ ಇಲ್ಲದೆ, ಬೆಂಚು ಎಡಕ್ಕೆ ವಾಲಿದೆ, ಒದ್ದೆ ಅತ್ತಲೇ ಹರಿಯಿತು, ಎಡಕ್ಕೆ ಅಕ್ಕ ಫ್ರಿಂಪೊಮಾ, ಕಳೆದ ವರ್ಷ ಲಕ್ವ ಹೊಡೆದು ನಾಲಿಗೆ ಬಿದ್ದವಳು, ಅವನು ಉಟ್ಟದ್ದು ಕಪ್ಪು, ಕಪ್ಪಿನಲ್ಲಿ ಏನೂ ಕಾಣದು, ಅವಳದು ಸೂತಕದ ಕೆಂಪು, ಕೆಂಪು ಬಟ್ಟೆ ತೊಡೆಯಿಂದ ಮೊಣಕಾಲಿಗೆ ಗಾಢವಾಗುತ್ತ ಹೋಯಿತು, ಅಯ್ಯಯ್ಯೋ ಅಜ್ಜಿ ಕೂತಲ್ಲೇ ಮಾಡ್ಕೊಂಡ್ಳಲ್ರೇ, ಹೆಂಗಸೊಬ್ಬಳು ಕೂಗಿದಳು, ನೂರು ತಲೆಗಳು ತಿರುಗಿದವು, ಬಾದುವಿನದೂ — ಹೇಳು, ಈಗಲೇ ಹೇಳು, ಅಡೊಮಾಕೊನ ಬಾಯಿ ತೆರೆಯಿತು, ಕರ್ಕೊಂಡು ಹೋಗ್ರೇ ಅವಳನ್ನ, ಮಾನ ಕಳೀತಾಳೆ, ಸಾವಿನ ಮನೇಲಿ ಎಲ್ಲರ ಮುಂದೆ, ಥೂ. ಆ ಥೂ ಬೇಕಿರಲಿಲ್ಲ, ಬೇಕಿತ್ತು, ಇಲ್ಲದಿದ್ದರೆ ನಂಬುತ್ತಿದ್ದರೇ. ಫ್ರಿಂಪೊಮಾ ನ, ನ, ನಾ, ಎಂದು ತೊದಲಿದಳು, ಸೊಟ್ಟ ಬಾಯಿಯಿಂದ ಜೊಲ್ಲು ಇಳಿಯಿತು, ಮಗಳು ಪೊಕುವಾ ಬಂದು ರಟ್ಟೆ ಹಿಡಿದೆಳೆದಳು, ಬೆಳಗ್ಗೆ ಕೇಳಿದ್ನಲ್ಲಮ್ಮ ಹೋಗ್ತೀಯಾ ಅಂತ, ಬಾಯಿ ಸತ್ತಿತ್ತಾ ನಿಂಗೆ — ಅಕ್ಕನ ಕಣ್ಣು ಅವನ ಚಪ್ಪಲಿಗೆ ಇಳಿಯಿತು, ಚಪ್ಪಲಿಯ ಸುತ್ತ ಒದ್ದೆ ಮಣ್ಣು, ತೊದಲು ನಿಂತಿತು. ಅವಳು ಮಗಳ ಕೈ ಕೊಡವಿ ಬಗ್ಗಿದಳು, ತನ್ನ ಕೆಂಪು ಸೆರಗಿನಿಂದ ಬೆಂಚು ಒರೆಸಿದಳು, ತನ್ನ ಕಡೆಯಿಂದ ಅವನ ಕಡೆಗೆ, ಅವನ ತೊಡೆ ತಾಗುವವರೆಗೆ, ಕಿವಿಯ ಹತ್ತಿರ ಒಂದೇ ಮಾತು ಹೇಗೋ ಹೊರಬಂತು, ಏಳ್ಬೇಡ.

ಅವನು ಏಳಲಿಲ್ಲ. ಊಟವನ್ನೂ ಕೂತಲ್ಲಿಗೇ ತರಿಸಿಕೊಂಡ, ಫುಫು ಮುದ್ದೆ ಗಂಟಲಲ್ಲಿ ಇಳಿಯಿತು, ಇಳಿಯದೆ ಏನು, ಬಿಸಿಲಿಗೆ ಬಟ್ಟೆ ಒಣಗಿತು, ಹಿರಿಯರು ಹೆಸರು ಕೂಗಿದರು, ಅವನದೇ, ಬೆಟ್ಟದ ಹಾಗೆ ಕೂತಿದ್ದ ನೋಡ್ರಪ್ಪ, ಅಲ್ಲಾಡ್ಲಿಲ್ಲ, ಬಾದುವೂ ತಲೆ ತಗ್ಗಿಸಿದ, ಎದ್ದೇಳು ಯಜಮಾನ, ಎದ್ದು ನಿಲ್ಲು, ಡೋಲು ಶುರುವಾಯಿತು, ಒಳಕೋಣೆಯಲ್ಲಿ ಪೊಕುವಾ ಅಮ್ಮನನ್ನು ಇನ್ನೂ ಬೈಯುತ್ತಿದ್ದಾಳೆ, ಏಳು ಯಜಮಾನ, ಏಳಬೇಕು, ತೊಡೆಯ ಪಕ್ಕ, ಖಾಲಿ ಜಾಗದಲ್ಲಿ, ಆ ಕೆಂಪು ಸೆರಗು, ಒರೆಸುತ್ತಿದೆ, ಏಳು ಯಜಮಾನ, ಒರೆಸುತ್ತಿದೆ, ಆ ಕೆಂಪು ಸೆರಗು —