ಟೈಲರಿಗೆ ಮೂರನೇ ತಿಂಗಳು

ಬೆಳಕಿನ ಒಂದು ಬಿಲ್ಲೆ, ಅದರೊಳಗೆ ಏನೂ ಇಲ್ಲ, ಒಂದು ಕಣ ಕಂಡಂತಾಯಿತು, ಛೆ ಧೂಳು, ಸರಿಸು, ಮತ್ತೆ ಬಿಲ್ಲೆ, ಮತ್ತೆ ಏನೂ ಇಲ್ಲ — ಅವಳ ಬಲಗೈ ಸೂಕ್ಷ್ಮದರ್ಶಕದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಿತ್ತು, ಎಡಗೈ ಕಾಗದದ ಮೇಲೆ ಗೀಟು ಎಳೆಯುತ್ತಿತ್ತು, ಹನ್ನೊಂದು, ಹನ್ನೆರಡು, ಇಂಥ ಐವತ್ತು ಬಿಲ್ಲೆ ನೋಡಬೇಕು, ಐವತ್ತರಲ್ಲೂ ಅಲುಗುವ ವೀರ್ಯಾಣು ಒಂದೂ ಇರಬಾರದು, ಆಗಷ್ಟೇ ಆಪರೇಷನ್ ಗೆದ್ದಿತು ಅಂತ ಬರೆಯಬಹುದು, ಹದಿನೆಂಟು ವರ್ಷ ಈ ಲ್ಯಾಬಿನಲ್ಲಿ ಎಷ್ಟು ಗಂಡಸರದ್ದು ನೋಡಿಲ್ಲ, ಕಟ್ಟಿಕೊಂಡವನದ್ದು ಇದೇ ಮೊದಲು, ಮನೆಯವರದ್ದನ್ನು ಮನೆಯವರು ನೋಡಬಾರದು ನಿಜ, ಆದರೆ ಜೊತೆಯವಳು ರಜೆ, ಸಹಿ ಹಾಕುವ ಮುಂಚೆ ನಾನು ಮತ್ತೊಮ್ಮೆ ನೋಡ್ತೀನಿ ಬಿಡಮ್ಮ, ನಿನ್ನ ಕಣ್ಣು ತಪ್ಪಿಸೋ ಗಂಡಸು ಇನ್ನೂ ಹುಟ್ಟಿಲ್ಲ ಅಂದರು ದೊಡ್ಡ ಮೇಡಂ, ಹುಟ್ಟದಿರಲಿ ಅಂತಲೇ ಅಲ್ಲವೇ ಇಷ್ಟೆಲ್ಲ, ಹದಿಮೂರು.

ಹೊರಗೆ ಬೆಂಚಿನ ಮೇಲೆ ಕೂತಿದ್ದಾನೆ ಮಹಾರಾಯ, ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿರಬೇಕು, ಎರಡನೇ ಸಿಸೇರಿಯನ್ ಆದಮೇಲೆ ಡಾಕ್ಟರು ಅಂದಿದ್ದರಲ್ಲ, ಇನ್ನೊಂದು ಬಸಿರಾದ್ರೆ ಗರ್ಭಕೋಶದ ಹೊಲಿಗೆ ಬಿಟ್ಟೀತು, ಜೀವಕ್ಕೇ ಕುತ್ತು, ಹೊಲಿಗೆ ಬಿಡೋದು ಅಂದರೇನು ಅಂತ ಟೈಲರಿಗೆ ಬಿಡಿಸಿ ಹೇಳಬೇಕೇ, ಮುಖ ಬೆಳ್ಳಗಾಗಿತ್ತು, ಮಾತ್ರೆ ನುಂಗಿದರೆ ಅವಳಿಗೆ ಬಿ.ಪಿ. ಏರುತ್ತಿತ್ತು, ಕಾಪರ್-ಟಿ ಹಾಕಿಸಿದರೆ ರಕ್ತ ನಿಲ್ಲಲಿಲ್ಲ, ಬೇರೆ ಎಷ್ಟೋ ಹೆಂಗಸರಿಗೆ ಅದು ವರ್ಷಗಟ್ಟಲೆ ಸದ್ದಿಲ್ಲದೆ ಕಾವಲು ಕಾಯುತ್ತದೆ, ಅವಳ ಮೈಗೆ ಒಗ್ಗಲಿಲ್ಲ ಅಷ್ಟೆ, ಉಳಿದದ್ದು ಕಾಂಡೋಮು, ಒಂಬತ್ತು ವರ್ಷ, ಆ ತೆಳ್ಳನೆಯ ರಬ್ಬರಿನ ನಿಯತ್ತಿಗೆ ಕೈಮುಗಿಯಬೇಕು, ಪ್ರತಿಸಲ ಸರಿಯಾಗಿ ಬಳಸಿದರೆ ವರ್ಷಕ್ಕೆ ನೂರರಲ್ಲಿ ಎರಡು ಹೆಂಗಸರಿಗಷ್ಟೇ ಬಸಿರು, ಅವಸರದವರ ಕೈಯಲ್ಲಿ ಹದಿಮೂರು, ರಬ್ಬರಿನದ್ದೇನು ತಪ್ಪು, ದಿನವಿಡೀ ಕತ್ತರಿ ಹಿಡಿಯುವ ಈ ಮನುಷ್ಯ ಆ ಪೊಟ್ಟಣವನ್ನು ಮಾತ್ರ ಕೈಯಲ್ಲೇ ಬಿಡಿಸುತ್ತಿದ್ದ, ತಾರೀಕು ಓದಿ, ತುದಿ ಚಿವುಟಿ ಗಾಳಿ ತೆಗೆದು, ಗಿರಾಕಿಯ ಮಾತಿನ ಧಾಟಿಯಲ್ಲೇ, ಸ್ವಾಮಿ ತುದೀಲಿ ಸ್ವಲ್ಪ ಲೂಸ್ ಇರಲಿ — ನಗಿಸಿ ನಗಿಸಿ ಕೊಲ್ಲುತ್ತಿದ್ದ, ಒಂದೇ ಒಂದು ಸಲ ಜಾರಿತು, ಮರುದಿನವೇ ತುರ್ತು ಮಾತ್ರೆ ನುಂಗಿದಳು, ಆದರೂ ಮುಟ್ಟು ಬರುವವರೆಗಿನ ಹದಿನೇಳು ದಿನ ಮನೆಯಲ್ಲಿ ಯಾರೂ ನಗಲಿಲ್ಲ, ಹದಿನೆಂಟನೇ ದಿನ ಅವನೇ ಹೋಗಿ ಗಂಡಸರ ಆಪರೇಷನ್ನಿಗೆ ಹೆಸರು ಬರೆಸಿ ಬಂದ, ನಿನ್ನನ್ನ ಎರಡು ಸಲ ಕತ್ತರಿಸಿ ಹೊಲಿದಿದ್ದಾರೆ ಕಣೇ, ಈ ಸಲ ಬಟ್ಟೆ ನಂದು, ಅಯ್ಯೋ ಗಂಡಸಿನ ಶಕ್ತಿಯೆಲ್ಲ ಸೋರಿಹೋಗತ್ತೆ ಕಣೋ ಅಂತ ಅತ್ತೆ ಬಾಯಿ ಬಡಿದುಕೊಂಡರೆ, ಗಾಯ ಪೂರ್ತಿ ಮಾಗಿದ ಮೇಲೆ ಅವರನ್ನೇ ಕುರ್ಚಿ ಸಮೇತ ಎತ್ತಿ ನಡುಮನೆಯಲ್ಲಿ ಒಂದು ಸುತ್ತು ಹಾಕಿದ, ಇಳಿಸೋ ಮುಂಡೇದೇ, ಶಕ್ತಿ ಇದೆಯೇನಮ್ಮಾ, ಇದೆ ಇಳಿಸೋ — ಇಪ್ಪತ್ತೆಂಟು, ಖಾಲಿ, ಇಪ್ಪತ್ತೊಂಬತ್ತು, ಆಪರೇಷನ್ ಮುಗಿಸಿ ಮನೆಗೆ ಬಂದವನೇ ಇನ್ನು ನಾವು ಸ್ವತಂತ್ರರು ಅಂತ ಕುಣಿದಿದ್ದ, ನಲ್ಲಿ ನಿಲ್ಲಿಸಿದ ಮಾತ್ರಕ್ಕೆ ಪೈಪಲ್ಲಿರೋ ನೀರು ಆವಿಯಾಗತ್ತೇನ್ರೀ, ಮೂರು ತಿಂಗಳು, ಆಮೇಲೆ ಪರೀಕ್ಷೆ, ಅಲ್ಲೀವರೆಗೆ ರಬ್ಬರೇ ದೇವರು, ಹೋದವಾರ ಪೊಟ್ಟಣ ಮುಗಿದಾಗ ಎಂಬತ್ತೇಳು ದಿನ ಆಯ್ತಲ್ಲ ಮೇಡಂ, ಇನ್ನು ನಾಕು ದಿನಕ್ಕೇಕೆ ಹೊಸದು ಅಂದ, ಅವಳು ಖಾಲಿ ಪೊಟ್ಟಣವನ್ನು ಅವನ ಕೈಗಿಟ್ಟಳು, ಅವನು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದ, ವಾದಿಸಲಿಲ್ಲ, ಇಂಥವನು ಎಷ್ಟು ಮನೆಯಲ್ಲಿ ಸಿಗುತ್ತಾನೆ.

ನಲವತ್ತೆರಡು, ಖಾಲಿ, ನಲವತ್ತಮೂರು — ಇದೇನು, ಧೂಳಲ್ಲ, ಧೂಳಿಗೆ ತಲೆ ಇರುವುದಿಲ್ಲ, ತಲೆ, ಅದರ ಹಿಂದೆ ಒಂದು ಬಾಲ, ಮಲಗಿದೆ, ಸತ್ತದ್ದೇ ಇರಬೇಕು, ಸತ್ತದ್ದು ಒಂದೆರಡು ಇದ್ದರೆ ಅಡ್ಡಿಯಿಲ್ಲ, ಅಲುಗಬೇಡ ಮಾರಾಯ, ಬಾಗಿಲಾಚೆಯಿಂದ ಅವನ ದನಿ, ಶಾಲೆಯ ಹೆಡ್‌ಮಾಸ್ತರರ ಗತ್ತಿನಲ್ಲಿ, ಏನಮ್ಮಾ, ಹುಡುಗ ಪಾಸೋ ಫೇಲೋ, ತಾಳ್ರೀ, ಅವಳು ತಿರುಪನ್ನು ಇನ್ನೊಂದು ಕೂದಲೆಳೆ ತಿರುಗಿಸಿದಳು, ಬಾಲ ಅಲುಗಿತು, ಎರಡೂ ದಾರಿ ಕತ್ತರಿಸಿ ಗಂಟು ಹಾಕಿದ್ದಾರೆ, ತೊಂಬತ್ತೊಂದು ದಿನ, ಜೊತೆಗಾರರೆಲ್ಲ ಮಣ್ಣುಪಾಲು, ಇದೊಂದು ಎಲ್ಲಿಂದ ನುಸುಳಿತೋ, ಒಡೆಯನ ಹಟವೇ, ಶಭಾಷ್ ಅನ್ನಬೇಕೋ ಕಪಾಳಕ್ಕೆ ಬಾರಿಸಬೇಕೋ, ಅವನು ಅವತ್ತು ಚಪ್ಪಲಿ ಮೆಟ್ಟದೇ ಇದ್ದಿದ್ದರೆ — ಸೊನ್ನೆ ಅಂತ ಬರೀಲಾ ಅಕ್ಕಾ, ಟೈಪು ಮಾಡುವವಳು ಕೇಳುತ್ತಿದ್ದಾಳೆ, ಬೇಡ, ಒಂದು, ಒಂದು ಜೀವಂತ ಅಂತ ಬರಿ, ಮುಂದಿನ ತಿಂಗಳು ಮತ್ತೆ ಪರೀಕ್ಷೆ, ಇನ್ನೊಂದು ಪೊಟ್ಟಣ ತರಬೇಕು ರೀ ಅಂದರೆ ಅವನು ಎದ್ದು ಹೊರಟೇಬಿಡುತ್ತಾನೆ, ಅವಳಿಗೆ ಗೊತ್ತು, ಕರೆಯಬೇಕು, ಕಣ್ಣು ಮಾತ್ರ ಕದಲದು, ಆ ಬಾಲ, ನಿಂತಿತು, ಇಲ್ಲ, ಅಲುಗಿತು, ಅದೇ ಬಾಲ, ನಿಂತಿತು, ಅಲುಗಿತು