ಪ್ರೋಗ್ರಾಮರ್ ಎಂದು ಬರೆದುಕೊಡಿ

ತಿಕೋಟಾ ರಸ್ತೆಯ ನಮ್ಮ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವರು ಇಬ್ಬರೇ. ನಾನು, ಸಂಘಮಿತ್ರಾ, ಡಾಟಾ ಎಂಟ್ರಿ ಆಪರೇಟರ್. ಇನ್ನೊಬ್ಬ ಕುನಾಲ, ಮಾಲೀಕ ಶಿವಲಿಂಗ ಸಾವಕಾರರ ಅಕ್ಕನ ಮಗ, ಪ್ರೋಗ್ರಾಮರ್. ವ್ಯತ್ಯಾಸ ಇಷ್ಟೇ: ಪ್ರೋಗ್ರಾಂ ಬರೆದವಳು ನಾನು, ಕೊರಳಲ್ಲಿ ಪ್ರೋಗ್ರಾಮರ್ ಎಂಬ ಕಾರ್ಡು ತೂಗುಬಿಟ್ಟುಕೊಂಡವನು ಅವನು. ಅವನ ಕುರ್ಚಿಗೆ ಗಾಲಿ, ನನ್ನದಕ್ಕೆ ಮೂರೂವರೆ ಕಾಲು.

ಯಾವ ರೈತರ ಎಷ್ಟು ಬಾಕ್ಸ್ ದ್ರಾಕ್ಷಿ ಒಳಗಿದೆ, ಎಷ್ಟು ಹೊರಗೆ ಹೋಯಿತು ಎಂದು ಹೇಳುವ ಆ ಪ್ರೋಗ್ರಾಂ ನನ್ನ ಮೂರು ವರ್ಷದ ಬೆವರು. ಗೋಳಗುಮ್ಮಟದ ಹತ್ತಿರದ ಸಾಫ್ಟ್‌ವೇರ್ ಕಂಪನಿಯೊಂದರ ವಿಜಯಲಕ್ಷ್ಮೀ ಮೇಡಮ್ ನನಗೆ ಪರೀಕ್ಷೆ ಕೊಟ್ಟು ಮೆಚ್ಚಿದ್ದರು. "ಪ್ರೋಗ್ರಾಮರ್ ಅಂತ ಕೆಲಸ ಮಾಡಿದ್ದಕ್ಕ ಒಂದು ಕಾಗದ ಬೇಕು. ಸೋಮವಾರ ತರ್ರಿ, ಇಲ್ಲಾಂದ್ರ ಬ್ಯಾರೇದವ್ರನ್ನ ತಗೋತೀವಿ" ಎಂದಿದ್ದರು.

ಸಾವಕಾರರನ್ನು ಕೇಳಿದೆ. ನಕ್ಕರು.

"ಯವ್ವಾ, ನೀ ಬಟನ್ ಒತ್ತಾಕಿ, ಅವ ವಿಚಾರ ಮಾಡಾಂವ. ಸುಳ್ಳ ಹೆಂಗ ಬರದ ಕೊಡ್ಲಿ?"

"ಪ್ರೋಗ್ರಾಂ ಬರದಾಕಿ ನಾನರಿ."

"ಟೈಪ್ ಮಾಡೀದಿ ಅನ್ನು" ಎಂದ ಕುನಾಲ, ಕುರ್ಚಿಯಲ್ಲಿ ಅರ್ಧ ಸುತ್ತು ಹೊಡೆಯುತ್ತ. "ಕಂಪ್ಯೂಟರ್ ಲೈನಿನ್ಯಾಗ ರೋಲ್ ಬ್ಯಾರೆ ಬ್ಯಾರೆ ಇರ್ತಾವ. ನಿನಗ ತಿಳಿಯಂಗಿಲ್ಲ."

ಹೋಗಿ ನನ್ನ ಕೆಲಸಕ್ಕೆ ಕೂತೆ.

ಮರುದಿನ ಆ ವಿಚಾರವಂತ ಮೊದಲ ಬಾರಿಗೆ ಪ್ರೋಗ್ರಾಮಿಗೆ ಕೈ ಹಾಕಿದ. ಪರದೆ ಚೊಕ್ಕ ಕಾಣಲಿ ಎಂದು ರೈತರ ಊರಿನ ಹೆಸರನ್ನೇ ಕಿತ್ತು ಹಾಕಿದ. ನಮ್ಮ ಕಡೆ ಊರು ಬಿಟ್ಟರೆ ಬೋರವ್ವ ಯಾವ ಬೋರವ್ವ? ಬಿಜ್ಜರಗಿಯ ಬೋರವ್ವ ಬಂದಳು, ಹೊನವಾಡದ ಬೋರವ್ವನ ಎಪ್ಪತ್ತು ಬಾಕ್ಸನ್ನೂ ತನ್ನದರ ಜೊತೆ ಹೇರಿಕೊಂಡು ಹೋದಳು. ಕಂಪ್ಯೂಟರೇ ಕೊಡು ಎಂದ ಮೇಲೆ ಅವಳಾದರೂ ಯಾಕೆ ಬೇಡ ಅಂದಾಳು!

ಮಧ್ಯಾಹ್ನ ಹೊನವಾಡದ ಬೋರವ್ವ ಬಂದಳು. ವಿಷಯ ತಿಳಿದದ್ದೇ ತಡ, ಕಾಲಿನದು ಕೈಗೆ ಬಂತು.

"ನನ್ನ ದ್ರಾಕ್ಷಿ ಯಾವಾಕಿಗಿ ಕೊಟ್ರಿ? ಈ ಕಂಪ್ಯೂಟರಿನ್ಯಾಗ ಬರದಾಂವ ಯಾಂವ? ಹೊರಗ ಕರೀರಿ ಅವನ್ನ!"

ಕುನಾಲನ ಕಾರ್ಡು ಅಂಗಿಯೊಳಗೆ ಇಳಿಯಿತು. "ನಾ ಬರೇ ನೋಡಾಂವರಿ ಯಕ್ಕಾ. ಪ್ರೋಗ್ರಾಮರ್ ಅಕಿ!"

"ಹೌದ್ಹೌದು, ಅಕೀನ" ಎಂದರು ಸಾವಕಾರರು.

"ಹಂಗಂತ ಬರದ ಕೊಡ್ರಿ" ಎಂದಳು ಬೋರವ್ವ.

ಬರೆದರು. ಅವಳಿಗೊಂದು ಪ್ರತಿ, ನನಗೊಂದು. 'ಮೂರು ವರ್ಷದಿಂದ ನಮ್ಮ ಪ್ರೋಗ್ರಾಮರ್ ಆಗಿರುವ ಸಂಘಮಿತ್ರಾ ಅವರೇ ಈ ಇಡೀ ಪ್ರೋಗ್ರಾಂ ಬರೆದವರು. ರೈತರ ಊರಿನ ಹೆಸರು ಕಿತ್ತ ತಪ್ಪಿಗೂ ಅವರೇ ಹೊಣೆ. ಕೆಲಸದಿಂದ ತೆಗೆಯಲಾಗಿದೆ.'

ನಾನು ಅಳುತ್ತೇನೆ ಎಂದುಕೊಂಡಿದ್ದರು.

"ಶಿಕ್ಕಾ ಹೊಡೀರಿ ಸಾವಕಾರ್ರ" ಎಂದೆ. "ಸಹಿ ಸ್ವಲ್ಪ ಚಂದಂಗ ಮಾಡ್ರಿ."

ಹೊರಡುವ ಮುನ್ನ ಊರುಗಳನ್ನು ಮತ್ತೆ ಕೂಡಿಸಿ, ಬಿಜ್ಜರಗಿಗೆ ಫೋನು ಹಚ್ಚಿ, ಎಪ್ಪತ್ತು ಬಾಕ್ಸನ್ನೂ ತಿರುಗಿ ತರಿಸಿದೆ. ಹೊನವಾಡದ ಬೋರವ್ವ ನನ್ನ ಗಲ್ಲ ಸವರಿ, ಕುನಾಲನನ್ನು ದುರುಗುಟ್ಟಿ ನೋಡಿ ಹೋದಳು.

ಸೋಮವಾರ ವಿಜಯಲಕ್ಷ್ಮೀ ಮೇಡಮ್ ಆ ಕಾಗದವನ್ನು ಎರಡು ಸಲ ಓದಿ ಬಿದ್ದು ಬಿದ್ದು ನಕ್ಕರು.

"ನಾಳಿಂದ ಬರ್ರಿ. ಆದ್ರ ಖರೇ ಹೇಳ್ರಿ, ಊರ ಹೆಸರು ಕಿತ್ತಾಂವ ಯಾಂವ?"

"ಅವರ ಡಾಟಾ ಎಂಟ್ರಿ ಆಪರೇಟರ್ ರಿ" ಎಂದೆ. "ನಾ ಬಿಟ್ಟ ಮ್ಯಾಲೆ ಬಟನ್ ಒತ್ತಾಕ ಅಲ್ಲಿ ಅವನೊಬ್ಬನ ಉಳದಾನ."