ಬೆನ್ನು ಹಾಕುವ ಕೆಲಸ

“ಲೇ ಬೋಳಿಮಗನೇ, ಕತ್ತು ಯಾಕೋ ತಿರುಗಿಸ್ತೀಯ? ಆಟ ನೋಡೋಕಾ ನಿನ್ನ ಇಲ್ಲಿ ನಿಲ್ಸಿರೋದು?”

ಸೂಪರ್‌ವೈಸರ್ ಲಾಠಿಯಿಂದ ನನ್ನ ಗಲ್ಲವನ್ನು ಜನರ ಕಡೆಗೆ ತಿರುಗಿಸಿದ. ಕ್ರೀಡಾಂಗಣದ ಕಾವಲಿನವರಿಗೆ ಇರುವುದು ಒಂದೇ ನಿಯಮ: ಮುಖ ಜನರಿಗೆ, ಬೆನ್ನು ಉಳಿದದ್ದಕ್ಕೆಲ್ಲ. ಹನ್ನೊಂದು ವರ್ಷದಲ್ಲಿ ನಾನು ಒಂದೇ ಒಂದು ಗೋಲನ್ನೂ ಕಂಡವನಲ್ಲ. ಆದರೆ ಜನರ ಮುಖ ನೋಡಿಯೇ ಗೋಲು ಯಾವ ಕಾಲಿನಿಂದ ಬಂತೆಂದು ಹೇಳಬಲ್ಲೆ. ಒಮ್ಮೆ ರೆಫರಿಯೇ ಬಂದು ನನ್ನನ್ನು ಕೇಳಿಕೊಂಡು ಹೋಗಿದ್ದ. ನಂಬದವರು ಬಿಡಿ.

ಆಟ ಮುಗಿದ ಮೇಲೆ ನಾವು ಆರು ಜನ ಪಕ್ಕದ ಸಣ್ಣ ಬಾಗಿಲಿನಿಂದ ಹೊರಗೆ ಬಂದು ನಾಲ್ಕನೇ ಗೇಟು ತೆಗೆಯಬೇಕು. ಅದು ಹೊರಕ್ಕೆ ತೆರೆಯುವ ಗೇಟು. ಅಂದು ಅದಕ್ಕೆ ಅಂಟಿಕೊಂಡೇ, ಅಲ್ಲಿ ನೆರಳಿದೆಯೆಂದು, ಕ್ಲಬ್ಬಿನ ಅಧ್ಯಕ್ಷರ ಕಾರು ನಿಂತಿತ್ತು.

“ಕಾರು ತೆಗೆಸಿ ಸಾರ್,” ಎಂದೆ ಸೂಪರ್‌ವೈಸರ್‌ಗೆ.

“ಡ್ರೈವರ್ ಊಟಕ್ಕೆ ಹೋಗಿದಾನೆ. ಕಾಯ್ಲಿ. ಕುರಿಗಳಿಗೇನು ಅವಸರ?”

ಗೇಟಿನ ಸರಳುಗಳ ಹಿಂದೆ ಜನ ತುಂಬುತ್ತಲೇ ಇದ್ದರು. ಮುಂದಿನ ಸಾಲಿನಲ್ಲಿ ನನ್ನ ಮಗಳು, ಗೆಳತಿಯರ ಜೊತೆ ಆಟಕ್ಕೆ ಬಂದವಳು. ಕೂಗುವ ಜನಕ್ಕೆ ನಾನು ಹೆದರುವವನಲ್ಲ. ಇವರು ಕೂಗುತ್ತಿರಲಿಲ್ಲ. ಗಲ್ಲ ಮೇಲೆತ್ತಿ ಗಾಳಿ ಹುಡುಕುತ್ತಿದ್ದರು. ಮಗಳು ‘ಅಪ್ಪ’ ಎನ್ನಲು ಬಾಯಿ ತೆರೆದಳು, ಸದ್ದು ಬರಲಿಲ್ಲ.

“ಸಾರ್, ಉಸಿರು ಸಿಗ್ತಿಲ್ಲ ಅವ್ರಿಗೆ.”

“ಕಾರಿಗೆ ಒಂದು ಗೀರು ಬಿದ್ರೂ ನಿನ್ನ ಚರ್ಮ ಸುಲಿದು ಸೀಟಿಗೆ ಹೊಲಿಸ್ತೀನಿ.”

ನಮ್ಮ ಆರು ಜನರಲ್ಲೇ ಇದ್ದ ನನ್ನ ಬಾಮೈದ, ಒಂದು ಕಾಲದ ಹಮಾಲಿ, ಬೀಡಿ ಎಸೆದ. “ಇದೇನು ಮಹಾ ತೂಕ ಭಾವ? ನಮ್ಮಕ್ಕನ ಮದುವೆ ಬೀರು ಇದಕ್ಕಿಂತ ಭಾರ ಇತ್ತು. ಹಿಡೀರಿ.”

ಸೂಪರ್‌ವೈಸರ್ ಅಡ್ಡ ಬಂದ. ಬಾಮೈದ ಅವನನ್ನೂ ಎತ್ತಿ ಬಾನೆಟ್ಟಿನ ಮೇಲೆ ಕೂರಿಸಿದ. ಕಾರನ್ನು ನಾನೊಬ್ಬನೇ ಎತ್ತಿದೆನೆಂದು ಬೇರೆ ಕಡೆ ಹೇಳಿಕೊಂಡಿದ್ದೇನೆ. ನಿಜಕ್ಕೂ ಆರು ಜನ. ಎರಡೇ ನೂಕಿಗೆ ಅದು ಸವಾರನ ಸಮೇತ ಪಕ್ಕದ ಚರಂಡಿಗೆ ಇಳಿಯಿತು.

ಗೇಟು ತೆರೆಯಿತು. ಜನ ಬಿದ್ದು ಎದ್ದು ಹೊರಬಂದರು. ಮಗಳು ನನ್ನ ತೋಳು ಹಿಡಿದು ಕೆಮ್ಮುತ್ತ ನಿಂತಳು.

ಅಷ್ಟರಲ್ಲಿ ಅಧ್ಯಕ್ಷರು ಬಂದರು. “ಯಾವ ಸೂಳೆಮಗ ನನ್ನ ಕಾರನ್ನ ಅಲ್ಲಿ ಹಾಕಿದ್ದು?”

ಮೊಣಕಾಲುದ್ದ ಕೆಸರಿನಲ್ಲಿದ್ದ ಸೂಪರ್‌ವೈಸರ್ ನಮ್ಮತ್ತ ಬೆರಳು ತೋರಿಸಿದ.

“ನಾವೇನೂ ನೋಡಿಲ್ಲ ಸಾಹೇಬ್ರೆ,” ಎಂದೆ. “ಜನರ ಮುಖ ಬಿಟ್ಟು ಬೇರೇನೂ ನೋಡಬಾರ್ದು ಅಂತ ನೀವೇ ಮಾಡಿರೋ ರೂಲ್ಸು.”

ಬಾಮೈದ ಮೊದಲು ತಿರುಗಿದ. ಆಮೇಲೆ ನಾವು ಐದು ಜನ. ಅಧ್ಯಕ್ಷರಿಗೆ ಬೆನ್ನು ಹಾಕಿ, ಇನ್ನೂ ಹೊರಬರುತ್ತಿದ್ದ ಜನರ ಕಡೆ ಮುಖ ಮಾಡಿ ಸಾಲಾಗಿ ನಿಂತೆವು.

“ಲೇ, ನಾನು ಮಾತಾಡ್ತಿದೀನಿ. ಈ ಕಡೆ ತಿರುಗ್ರೋ.”

ಒಬ್ಬರೂ ಕತ್ತು ತಿರುಗಿಸಲಿಲ್ಲ.